ಹಾಲೆರೆದು ಹೋದ ಕಳ್ಳ

ಕಮಲಾಪುರ ಠಾಣೆಗೆ ದೂರು ಬಂದದ್ದು ಫೆಬ್ರುವರಿ ಹನ್ನೊಂದರ ಬೆಳಿಗ್ಗೆ. ಊರಾಚೆಯ ಗೈರಾಣದಲ್ಲಿ, ದನ ಮೇಯುವ ಸರ್ಕಾರಿ ಬಯಲಿನಲ್ಲಿ, ಉತ್ಖನನ ನಡೆಸುತ್ತಿದ್ದ ಕಲಬುರಗಿಯ ಸಂಶೋಧಕ ನೀಲಕಂಠ ಏದುಸಿರು ಬಿಡುತ್ತ ಬಂದಿದ್ದ. ಹಿಂದಿನ ಸಂಜೆ ಗುಂಡಿಯಲ್ಲಿ ಕಾಣಿಸಿದ ಹಸುಗೂಸಿನ ಅಸ್ಥಿಪಂಜರ ಬೆಳಗಾಗುವಷ್ಟರಲ್ಲಿ ಮಾಯ! ಇನ್‌ಸ್ಪೆಕ್ಟರ್ ಶೀಲಾ ಎಫ್‌ಐಆರ್ ಹಾಕಿಸಿದಳು. ಎಲುಬು ಕದಿಯುವ ಪುಣ್ಯಾತ್ಮ ಯಾರಪ್ಪ ಎಂದು ಒಳಗೊಳಗೇ ಗೊಣಗಿದಳು ಕೂಡ.

ಸ್ಥಳದಲ್ಲಿ ಕ್ಯಾಮೆರಾ, ಸಲಕರಣೆ ಎಲ್ಲ ಇದ್ದಲ್ಲೇ ಇದ್ದವು. ಗುಂಡಿಗೆ ಹೊದಿಸಿದ್ದ ತಾಡಪತ್ರಿಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಸಿಟ್ಟಿದ್ದರು. ತಳದಲ್ಲಿ ಬಿಳಿ ಕಲೆ, ಅದಕ್ಕೆ ಮುತ್ತಿದ ಇರುವೆ. ಪಂಚನಾಮೆ ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ವಕಾರ್ ತಲೆಯೆತ್ತಿದ.

“ಹಾಲು ಅದ ರೀ ಮೇಡಂ. ಕಳ್ಳ ಹಾಲೆರದು ಹೋಗ್ತಾನೇನ್ರೀ?”

ಮಣ್ಣು ಕೊಟ್ಟ ಜಾಗಕ್ಕೆ ಹಾಲೆರೆಯುವವರು ಮನೆಯವರು. ಶೀಲಾ ನೀಲಕಂಠನತ್ತ ತಿರುಗಿದಳು.

“ಅಗಿಯೂದಕ್ಕಿಂತ ಮೊದ್ಲ ಊರವರ್ನ ಕೇಳಬೇಕಂತ ನಿಯಮ ಇಲ್ಲೇನ್ರೀ?”

“ಅದ ರೀ. ಖಾಲಿ ಜಮೀನ ಅಂತ ಯಾರೋ ಅಂದ್ರು, ಅಷ್ಟಕ್ಕೇ ಬಿಟ್ಟೆ.”

“ಸತ್ತ ಕೂಸುಗಳ್ನ ಇಲ್ಲೇ ಹುಗಿತಾರ್ರೀ. ಗುರ್ತಿಗಿ ಕಲ್ಲೂ ಇಡಂಗಿಲ್ಲ,” ಎಂದ ವಕಾರ್.

ಅಂದು ಕೆಲಸಕ್ಕೆ ಬಾರದ ಕೂಲಿಯವಳು ಭಾಗಮ್ಮ ಒಬ್ಬಳೇ. ಮೂವರೂ ಹೋದಾಗ ಅವಳ ಮನೆಯಲ್ಲಿ ಸೀರೆಯ ಜೋಳಿಗೆ-ತೊಟ್ಟಿಲು ತೂಗುತ್ತಿತ್ತು.

“ಎಲುಬೆಲ್ಲಿ?” ಎಂದಳು ಶೀಲಾ.

“ಎಲುಬನ್ನಬ್ಯಾಡ್ರೀ. ಮಲಗ್ಯಾಳ.”

ಶೀಲಾ ಸೀರೆ ಸರಿಸಿದಳು. ಅಯ್ಯೋ ಶಿವನೇ! ಪುಟ್ಟ ತಲೆಬುರುಡೆಯ ನೆತ್ತಿಗೆ ಎಣ್ಣೆ ಹಚ್ಚಿತ್ತು.

“ನಾಕು ವರ್ಷದ ಹಿಂದ ಮಣ್ಣು ಕೊಟ್ಟಿದ್ದು. ಬಾಣಂತಿ ಹೋಗಂಗಿಲ್ಲಲ್ರೀ, ಜಾಗ ನಾ ನೋಡಿಲ್ಲ. ನಿನ್ನಿ ತಲಿ ಕಾಣ್ತು. ಡಬ್ಬಿಯೊಳಗ ಹಾಕಿ ಒಯ್ತೀವಂದ್ರು. ಹೆಂಗ ಬಿಡ್ಲಿರೀ?”

“ಮೊದ್ಲೇ ಯಾಕ ಹೇಳಲಿಲ್ಲ?”

“ಯಾರೂ ಕೇಳಲಿಲ್ರೀ.”

“ಕೂಸಿನ ಮೈಮ್ಯಾಲ ಏನಿತ್ತು?”

“ಕಾಲಾಗ ಬೆಳ್ಳಿ ಗೆಜ್ಜಿ. ತೆಗಿಲಾಕ ಮನಸ್ಸಾಗಲಿಲ್ಲ.”

ವಕಾರ್ ಒಂದೊಂದೇ ನೋಡಿ ಬರೆದುಕೊಂಡ. ಗೆಜ್ಜೆ ಇರಲಿಲ್ಲ. ಕೊರಳ ಬಳಿ ಮಣ್ಣು ಮೆತ್ತಿದ ಕೆಂಪು ಕಲ್ಲಿನ ಮಣಿಗಳಿದ್ದವು.

“ಈ ಮಣಿ ಈಗಿನವಲ್ಲವ್ವ,” ನೀಲಕಂಠ ತಡವರಿಸಿದ. “ಇದು ಎರಡು ಸಾವಿರ ವರ್ಷದ ಹಿಂದಿನ ಕೂಸು.”

“ಹಂಗಾರ ನಂದೆಲ್ಲಿ?”

ನೀಲಕಂಠ ಗೈರಾಣದತ್ತ ಕೈ ಮಾಡಿದ. “ಮ್ಯಾಲಿನ ಮಣ್ಣು ಹೊಸಾದು ಅಂತ ಜರಡಿ ಹಿಡಿಲಿಲ್ಲ. ಹಂಗೇ ಬುಟ್ಟಿಯೊಳಗ ಹೊರಸಿ ಗುಡ್ಡಿ ಹಾಕಿಸಿದೆ.”

ಭಾಗಮ್ಮ ತನ್ನ ಅಂಗೈ ನೋಡಿಕೊಂಡಳು.

“ಆ ಬುಟ್ಟಿ ನಾನೇ ಹೊತ್ತು ಚೆಲ್ಲೀನಲ್ರೀ!”

ಮಧ್ಯಾಹ್ನ ಭಾಗಮ್ಮನ ಬಂಧನವಾಯಿತು. ಕಾನೂನು ಕಾನೂನೇ. ಕಾರಣವನ್ನು ಶೀಲಾ ಒಂದೇ ಸಾಲಿನಲ್ಲಿ ಬರೆದಳು: ಆರೋಪಿಯು ತನ್ನ ಮಗುವೆಂದು ತಿಳಿದು ಒಯ್ದಿದ್ದಾಳೆ. ಆದರೆ ಜೀಪನ್ನು ನೇರ ಠಾಣೆಗೆ ಬಿಡಿಸದೆ ಗೈರಾಣಕ್ಕೆ ತಿರುಗಿಸಿದಳು. ನೀಲಕಂಠ ಗುಡ್ಡೆಯ ಮಣ್ಣು ತೋಡಿ ಕೊಟ್ಟ, ವಕಾರ್ ಜರಡಿ ಹಿಡಿದ. ಬಿಸಿಲು ಇಳಿಯುವ ಹೊತ್ತಿಗೆ ಜರಡಿಯಲ್ಲಿ ಏನೋ ಘಲ್ ಎಂದಿತು. ಭಾಗಮ್ಮ ಸೆರಗು ಒಡ್ಡಿದಳು.