ಬಂಕಿನ ಪೈಪು ಯಾರ ಕಿಟಕಿಗೆ?

ಕಲೆ ಕಂಡರೆ ಮೊದಲು ತೊಳೆ, ಅದೇನೆಂದು ಆಮೇಲೆ ಕೇಳು. ಲಾಂಡ್ರಿ ನಡೆಸುವ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಈ ಬುದ್ಧಿ ರಕ್ತದಲ್ಲೇ ಇತ್ತು. ಹಾಗಾಗಿ ಆ ಬೆಳಗ್ಗೆ ಪಕ್ಕದ ಹಳೇ ಪೆಟ್ರೋಲ್ ಬಂಕಿನ ನೆಲದ ತುಂಬ ಬಿಳಿ ಪುಡಿ ಕಂಡದ್ದೇ ತಡ, ಅವಳು ಪೊರಕೆ, ಬಕೆಟ್ ಎತ್ತಿಕೊಂಡಳು.

“ಗಾಳಿ ಬೀಸಿದ್ರೆ ಈ ಸುಣ್ಣ ಎಲ್ಲಾ ನನ್ನ ಬೆಡ್‌ಶೀಟ್ ಮೇಲೆ!”

ಒಡೆದು ಹೊಸದಾಗಿ ಕಟ್ಟಲೆಂದು ಬಂಕ್ ಮುಚ್ಚಿತ್ತು, ತಡೆಯುವವರಿರಲಿಲ್ಲ. ಬಿಳಿಯೆಲ್ಲ ಚರಂಡಿ ಸೇರುವ ಹೊತ್ತಿಗೆ ಬಂಕಿನ ಮಾಲೀಕ ಟೀ ಲೋಟ ಹಿಡಿದು ತನ್ನ ಮಹಡಿ ಮನೆಯಿಂದ ಇಳಿದು ಬಂದ. ಬಂದವನು ನಿಂತಲ್ಲೇ ಕಂಬವಾದ.

“ಏನ್ರೀ ಮಾಡಿದ್ರಿ?”

“ಕಾಣಲ್ವಾ? ತೊಳ್ದೆ.”

“ಅದು ಕಸ ಅಲ್ಲ ಕಣ್ರೀ, ಹೊಸ ಬಂಕಿನ ನಕ್ಷೆ! ಯಾವುದು ಎಲ್ಲಿ ಬರುತ್ತೆ ಅಂತ ಬೀದಿಯವರಿಗೆ ತೋರ್ಸೋಕೆ ಅಳತೆ ಹಿಡಿದು ಎಳೆದಿದ್ದೆ. ಇನ್ನೇನು ಎಲ್ರೂ ಸಭೆಗೆ ಬರ್ತಾರೆ!”

ತಪ್ಪಾಯಿತೆಂದು ಅವಳಿಗೂ ಗೊತ್ತಾಯಿತು. ಆದರೆ ಬೀದಿಯವರು ಅವಳಿಗೆ ‘ಗಂಜಿ’ ಎಂದು ಅಡ್ಡಹೆಸರಿಟ್ಟದ್ದು ಸುಮ್ಮನೆಯೇ? ಗಂಜಿ ಹಾಕಿದ ಕಾಲರಿನಂತೆ ಕತ್ತು ನೆಟ್ಟಗೆ ಮಾಡಿದಳು.

“ಒಳ್ಳೇದೇ ಆಯ್ತು. ಆ ನಕ್ಷೆ ನೀರುಪಾಲಾಗ್ಲಿ ಅಂತಾನೇ ನನ್ನ ಆಸೆ.”

ಜಗಳದ ಬೇರು ಒಂದು ಪೈಪು. ನೆಲದಡಿಯ ಟ್ಯಾಂಕಿನ ಆವಿ ಹೊರಹೋಗಲು ಎತ್ತರದ ಪೈಪು ಬೇಕು. ಹಳೆಯದು ಅವಳ ಟೆರೇಸಿನ ಗೋಡೆಗೇ ಆತುಕೊಂಡು ನಿಂತಿತ್ತು. ಗಾಳಿ ಈ ಕಡೆ ತಿರುಗಿದ ದಿನ ಒಣಹಾಕಿದ ಬಟ್ಟೆಗೆಲ್ಲ ಪೆಟ್ರೋಲ್ ವಾಸನೆ. ಗಿರಾಕಿಗಳು ಒಬ್ಬೊಬ್ಬರಾಗಿ ಹಿಂದಿನ ಬೀದಿಯ ಲಾಂಡ್ರಿಯ ದಾರಿ ಹಿಡಿದಿದ್ದರು. ಹೊಸ ಟ್ಯಾಂಕು ಇನ್ನೂ ದೊಡ್ಡದಂತೆ. ಪೈಪು ಮತ್ತೆ ಅಲ್ಲೇ ಎದ್ದರೆ ಅಪ್ಪ ಕಟ್ಟಿ ಬೆಳೆಸಿದ ಲಾಂಡ್ರಿಗೆ ಬೀಗವೇ ಗತಿ.

ಬಾಯಿ ಬಾಯಿ ಆದ ಮೇಲೆ ಈ ಮಾಲೀಕನ ಬಿಳಿ ಶರ್ಟೂ ಹಿಂದಿನ ಬೀದಿಗೇ ಹೋಗುತ್ತಿತ್ತು. ಅದನ್ನು ಅವಳು ಗಮನಿಸಿರಲಿಲ್ಲ ಎಂದರೆ ಸುಳ್ಳಾದೀತು. ಅಲ್ಲಿ ಒಗೆದು ಒಗೆದು ಅದರ ಕಾಲರ್ ಹಳದಿ ತಿರುಗಿದ್ದನ್ನೂ ನೋಡಿದ್ದಳು.

ಜನ ಬಂದರು. ನಿವೃತ್ತ ಮೇಷ್ಟ್ರು, ಎದುರು ಮನೆಯ ಬೇಕರಿಯವರು, ಸ್ಟೂಲು ಹೊತ್ತುಕೊಂಡು ಅವಳ ಅಮ್ಮ.

“ಎಲ್ಲಪ್ಪಾ ನಕ್ಷೆ?” ಮೇಷ್ಟ್ರು ಕೇಳಿದರು.

“ಚರಂಡೀಲಿದೆ ಮೇಷ್ಟ್ರೇ. ಇವರನ್ನೇ ಕೇಳಿ.”

“ಅಯ್ಯೋ, ಇವಳು ಚಿಕ್ಕೋಳಿದ್ದಾಗ ನನ್ನ ಮದುವೆ ಫೋಟೋನೇ ಸೋಪ್ ಹಾಕಿ ಉಜ್ಜಿದ್ಳು. ಇವಳಪ್ಪನ ಮೀಸೆ ಅವತ್ತೇ ಹೋಯ್ತು ನೋಡಿ,” ಅಂದರು ಅಮ್ಮ.

ಮೇಷ್ಟ್ರು ನಗು ನುಂಗಿ ತೀರ್ಪು ಕೊಟ್ಟರು. “ಅಳಿಸಿದೋರೇ ಬರೆಸ್ಬೇಕು. ಹಿಡಿಯಮ್ಮ ಅಳತೆ ದಾರದ ತುದೀನ.”

ಹಿಡಿದಳು, ಹಾವಿನ ಬಾಲ ಹಿಡಿದ ಹಾಗೆ.

“ಬಿಗಿಯಾಗಿ ಹಿಡೀರಿ,” ಅಂದ ಅವನು.

“ನಿಮ್ಮ ಕತ್ತು ಅಂದ್ಕೊಂಡೇ ಹಿಡಿದಿದ್ದೀನಿ.”

ಅವನು ಮಂಡಿಯೂರಿ ದಾರದಗುಂಟ ಸುಣ್ಣ ಸುರಿಯುತ್ತ ಬಂದ. ವಾಹನಗಳ ಲೈಟು ನಮ್ಮ ಮನೆಯೊಳಗೇ ನುಗ್ಗುತ್ತಲ್ಲ ಎಂದರು ಬೇಕರಿಯವರು. ಅಡ್ಡಗೋಡೆಯ ಗೆರೆ ತೋರಿಸಿದ. ಟ್ಯಾಂಕ್ ಸೋರಿ ನಮ್ಮ ಬಾವಿ ಕೆಟ್ಟರೆ ಎಂದರು ಮೇಷ್ಟ್ರು; ಹೊಸದಕ್ಕೆ ಎರಡು ಪದರ, ಒಳಗಿನದು ಸೋರಿದರೆ ಎಚ್ಚರಿಕೆ ಗಂಟೆ ಹೊಡೆಯುತ್ತೆ ಎಂದ. ಸಮಾಧಾನದ ದನಿ. ಹುಬ್ಬಿನ ಮೇಲೆ ಚೂರು ಸುಣ್ಣ ಕೂತಿತ್ತು. ಅದನ್ನು ಒರೆಸಲು ಅವಳ ಕೈ ತುಡಿಯಿತು. ಕಲೆ ಕಂಡರೆ ಆಗುವ ತುಡಿತ ಅಷ್ಟೇ, ಬೇರೇನಿಲ್ಲ, ಎಂದು ತನಗೆ ತಾನೇ ಹೇಳಿಕೊಂಡಳು. ಅವನು ತಟ್ಟನೆ ತಲೆಯೆತ್ತಿದ. ಅವಳು ಆಕಾಶ ನೋಡಿದಳು. ಅಲ್ಲಿ ಒಂದು ಕಾಗೆಯೂ ಇರಲಿಲ್ಲ.

“ಪೈಪು?” ದನಿ ಗಟ್ಟಿ ಮಾಡಿ ಕೇಳಿದಳು. “ಅದನ್ನ ಹೇಳಿ ಮೊದಲು.”

“ಬನ್ನಿ.”

ಅವಳು ತನ್ನ ಗೋಡೆಯತ್ತ ಹೊರಟಳು. ಕೈಯಲ್ಲಿದ್ದ ದಾರ ಆಚೆ ಎಳೆಯಿತು. ಅವನು ಬಂಕ್ ದಾಟಿ ತನ್ನ ಮನೆಯ ಗೋಡೆಯ ಬುಡಕ್ಕೆ ಹೋಗಿ ಒಂದು ಬಿಳಿ ವೃತ್ತ ಎಳೆದ.

ಮೇಷ್ಟ್ರು ತಲೆಯೆತ್ತಿ ನೋಡಿದರು. “ಮೇಲಿರೋದು ನೀನು ಮಲಗೋ ಕೋಣೆ ಕಿಟಕಿ ಅಲ್ವೇನಯ್ಯಾ?”

“ಹೌದು.”

“ತಲೆ ಕೆಟ್ಟಿದೆಯಾ?”

ಅವನು ವೃತ್ತದ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿದ. ಅವಳು ದಾರವನ್ನು ಕೈಗೆ ಸುತ್ತಿಕೊಳ್ಳುತ್ತ ಹತ್ತಿರ ಹೋಗಿ ಮೆಲ್ಲಗೆ ಸಿಡುಕಿದಳು.

“ದಯೆ ತೋರಿಸ್ತಿದ್ದೀರಾ?”

“ನಿಮಗೆ ದಯೆ ತೋರ್ಸೋಷ್ಟು ಧೈರ್ಯ ನನಗಿಲ್ಲ.”

“ಮತ್ತೆ?”

ಅವನು ಸುಣ್ಣದ ಕೈ ನೋಡಿಕೊಂಡ. “ಬೆಳಿಗ್ಗೆ ಎದ್ದ ತಕ್ಷಣ ನೀವು ಟೆರೇಸಲ್ಲಿ ಕಾಣ್ತೀರಿ. ಬಾಯಲ್ಲಿ ಕ್ಲಿಪ್ ಕಚ್ಕೊಂಡು, ಬೆಡ್‌ಶೀಟ್ ಕೊಡವಿ ಕೊಡವಿ ನನ್ನ ಬಂಕನ್ನ ಬೈತಿರ್ತೀರಿ. ಲಾಂಡ್ರಿ ಮುಚ್ಚಿ ಅದು ನಿಂತ್ಹೋದ್ರೆ, ಹೊಸ ಬಂಕ್ ಕಟ್ಕೊಂಡು ನಾನೇನ್ ಮಾಡ್ಲಿ?”

ಅವಳು ಬೈಗುಳ ಹುಡುಕಿದಳು, ಒಂದೂ ಕೈಗೆ ಸಿಗಲಿಲ್ಲ.

“ವಾಸನೆಗೆ ಕಿಟಕಿ ಮುಚ್ಚಬೇಕಾಗುತ್ತಲ್ಲ?”

“ಗಾಜಿನ ಕಿಟಕಿ. ಮುಚ್ಚಿದ್ರೂ ಕಾಣುತ್ತೆ.”

“ಸರಿ ಹಾಗಾದ್ರೆ,” ಮೇಷ್ಟ್ರು ಚಪ್ಪಾಳೆ ತಟ್ಟಿದರು. “ಇನ್ನು ಯಾರದ್ದಾದ್ರೂ ತಕರಾರಿದೆಯಾ?”

“ನನ್ನದಿದೆ,” ಅವಳೆಂದಳು. “ಪೈಪು ಆ ಕಿಟಕಿ ಹತ್ರ ಬೇಡ. ಹಿಂದಿನ ಖಾಲಿ ಮೂಲೆಗೆ ಹೋಗ್ಲಿ.”

“ಅಲ್ಲಿ ಕಾರ್ ತೊಳೆಯೋ ಜಾಗ ಮಾಡ್ಬೇಕು ಅಂತಿದ್ದೀನಿ,” ಅವನು ತಡವರಿಸಿದ.

“ಮಾಡ್ಬೇಡಿ. ತೊಳೆಯೋಕೆ ಈ ಬೀದೀಲಿ ನಾನೊಬ್ಬಳು ಸಾಕು.”

ಮೇಷ್ಟ್ರಿಗೆ ಬಗೆಹರಿಯಲಿಲ್ಲ. “ಅಲ್ಲಮ್ಮಾ, ಅವನ ಕಿಟಕಿ, ಅವನ ಮೂಗು. ನಿನಗೇನು ತೊಂದರೆ? ನೀನೇನು ಅಲ್ಲಿರ್ತೀಯಾ?”

“ಈಗ ಇಲ್ಲ.”

ಸುಣ್ಣದ ಚೀಲ ಅವನ ಕೈಯಿಂದ ದೊಪ್ಪನೆ ಬಿತ್ತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮೇಷ್ಟ್ರು ಮಾತ್ರ “ಏನಂದ್ಳು? ಏನಂದ್ಳು?” ಎಂದು ಬೇಕರಿಯವರ ತೋಳು ಜಗ್ಗುತ್ತಿದ್ದರು.

ಅವಳು ಯಾರ ಮುಖವನ್ನೂ ನೋಡದೆ ಹೋಗಿ ಬಕೆಟ್ ತಂದು, ಕಿಟಕಿಯ ಕೆಳಗಿನ ಬಿಳಿ ವೃತ್ತದ ಮೇಲೆ ನೀರು ಸುರಿದಳು. ಆಮೇಲೆ ಒದ್ದೆ ಕೈಯಿಂದಲೇ ಅವನ ಹುಬ್ಬು ಒರೆಸಿದಳು.

“ಆ ಶರ್ಟ್ ಸಂಜೆ ನಮ್ಮಂಗಡಿಗೆ ಕಳ್ಸಿ,” ಅಂದಳು ಸಿಡುಕುತ್ತಲೇ. “ಕಾಲರ್ ನೋಡೋಕಾಗ್ತಿಲ್ಲ.”