ಕಾಚಾಶಿಗೆ ಎದ್ದ ಕೈ

"ಹೆಸರು ಹೇಳು."

"ಗೊತ್ತಿಲ್ಲ... ದೇವರಾಣೆ ಗೊತ್ತಿಲ್ಲ..."

ತೋಳನ್ನು ಇನ್ನಷ್ಟು ತಿರುಚಿದೆ. ಬಾರ್‌ನ ಹಿತ್ತಲ ಗಲ್ಲಿ. ನಮ್ಮ ದ್ವೀಪದ ನಾಹಾ ಪಟ್ಟಣದ ಈ ಗಲ್ಲಿಯಲ್ಲಿ ತರಕಾರಿ ಗಾಡಿ ತೂರುವುದೇ ಕಷ್ಟ. ಇವನು ಕಾರು ತಂದು, ಎಂಜಿನ್ ಕೂಡ ಆಫ್ ಮಾಡದೆ ಕಾಯುತ್ತಿದ್ದ. ಮಾತು ಬೇರೆ ಒಸಾಕಾ ಕಡೆಯದು. ಅನುಮಾನ ಬರದೆ ಇರುತ್ತಾ?

"ಮುರಿದುಬಿಡ್ತೀನಿ."

"ಒಳಗಿದ್ದಾನೆ... ಚಾಕು ಇದೆ. ಹಾಡು ಮುಗಿಸಿ ಹುಡುಗಿ ಸ್ಟೇಜಿಂದ ಇಳಿದು ಬರ್ತಾಳಲ್ಲ, ಆಗ ಮುಗಿಸ್ತಾನೆ. ನಾನು ಬರೀ ಡ್ರೈವರ್ ಅಣ್ಣ, ಅವನ ಮುಖಾನೇ ನೋಡಿಲ್ಲ."

ಸುಳ್ಳು ಹೇಳುವಷ್ಟು ಧೈರ್ಯ ಅವನಲ್ಲಿರಲಿಲ್ಲ. ಅವನ ಕಾರಿನ ಡಿಕ್ಕಿಗೇ ಅವನನ್ನು ತುಂಬಿ, ಅಡುಗೆಮನೆ ಬಾಗಿಲಿಂದ ನುಗ್ಗಿದೆ. ಪೊಲೀಸರಿಗೆ ಫೋನ್ ಮಾಡು ಅಂತ ಅಡುಗೆಯವನಿಗೆ ಹೇಳಿದೆ. ಅವರು ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದಿತ್ತು.

ಹುಡುಗಿ ಅಂದರೆ ಮಿಸುಜು. ಬಾರ್ ಅವಳ ಸೋದರಮಾವನದು. ಮಾರಲ್ಲ ಅಂದಿದ್ದಕ್ಕೆ ಮೇನ್‌ಲ್ಯಾಂಡ್‌ನ ಗ್ಯಾಂಗೊಂದು ಅವನನ್ನು ಮಹಡಿ ಮೆಟ್ಟಿಲಿಂದ ತಳ್ಳಿ ಸಾಯಿಸಿತು. ಕಣ್ಣಾರೆ ಕಂಡವಳು ಇವಳೊಬ್ಬಳೇ. ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕು. ಅಲ್ಲೀವರೆಗೆ ಅವಳ ಜೀವ ಕಾಯುವುದು ನನ್ನ ಕೆಲಸ.

ಮಧ್ಯಾಹ್ನವೇ ಬೇಡಿಕೊಂಡಿದ್ದೆ. "ಒಂದು ದಿನ ಬಾಗಿಲು ಹಾಕು."

"ಹಾಕಿದ್ರೆ ಅವರೇ ಗೆದ್ದಂಗೆ, ಗುಶಿಕೆನ್ ಅಣ್ಣ. ಬಿರುಗಾಳಿ ಬಂದಾಗ್ಲೂ ಮಾವ ಬಾಗಿಲು ಹಾಕಿದವರಲ್ಲ."

ಹಟಮಾರಿ. ನನ್ನ ಮಾತು ಯಾರು ಕೇಳುತ್ತಾರೆ?

ಒಳಗೆ ಕಾಲಿಡಲು ಜಾಗವಿಲ್ಲ. ಎಲ್ಲರ ಮೈಮೇಲೂ ನಮ್ಮ ದ್ವೀಪದ ಹೂವಿನ ಅಂಗಿ. ಹೊರಗಿನವರೂ ಏರ್‌ಪೋರ್ಟಲ್ಲೇ ಅದನ್ನು ಕೊಂಡು ತೊಟ್ಟು ಬರುತ್ತಾರೆ. ಯಾರು ನಮ್ಮವರು, ಯಾರು ಅಲ್ಲ ಅಂತ ಹೇಗೆ ಹೇಳೋದು? ಸ್ಟೇಜ್ ಆ ತುದಿಯಲ್ಲಿ, ನಾನು ಈ ತುದಿಯಲ್ಲಿ. ನಡುವೆ ಮೇಜುಗಳು, ಅವಾಮೊರಿ ಸಾರಾಯಿ ಬಾಟಲಿಗಳು, ಹುರಿದ ಹಾಗಲಕಾಯಿ ತಟ್ಟೆಗಳು...

ಮತ್ತು ಒಂದು ಚಾಕು.

ಮಿಸುಜು ಮೂರು ತಂತಿಯ ಸಾನ್ಶಿನ್ ಮೀಟುತ್ತಾ ಕೊನೆಯ ಚರಣಕ್ಕೆ ಬಂದಿದ್ದಳು. ಮುಗಿದ ಕೂಡಲೇ ಕೆಳಗಿಳಿದು ಮೇಜು ಮೇಜಿಗೂ ಹೋಗಿ ಎಲ್ಲರನ್ನೂ ಮಾತಾಡಿಸುವುದು ಅವಳ ರೂಢಿ. ಚಾಕು ಚಾಕು ಅಂತ ಕೂಗಿದರೆ? ನೂಕುನುಗ್ಗಲು. ಆ ಗಲಾಟೆಯಲ್ಲಿ ಅವನ ಕೆಲಸ ಇನ್ನೂ ಸಲೀಸು. ಸುಳ್ಳೇಕೆ, ಹೆದರಿದ್ದೆ.

ಆಗ ಹೊಳೆಯಿತು.

"ಮಿಸುಜು! ಕಾಚಾಶಿ!"

ಬಾರಿಗೆ ಬಾರೇ ತಿರುಗಿ ನನ್ನನ್ನು ನೋಡಿತು. ಕಾಚಾಶಿ ಕಡೆಯ ಕುಣಿತ. ಅದಾದರೆ ಎಲ್ಲರೂ ಮನೆಗೆ. ಅದನ್ನು ಸಂಜೆಗೇ ಕೇಳುವುದೆಂದರೆ ಪಂಕ್ತಿಯಲ್ಲಿ ಉಣ್ಣುತ್ತಿರುವವರ ಎಲೆ ಎತ್ತಿದ ಹಾಗೆ.

ಪಕ್ಕದ ಮೇಜಿನ ಉಶಿ ಅಜ್ಜಿ ಗುರ್ ಅಂದಳು. ಎಂಬತ್ತು ದಾಟಿದವಳು, ದಿನಾ ಬರುವವಳು. "ತಲೆ ನೆಟ್ಟಗಿದೆಯೇನೋ ಗುಶಿಕೆನ್? ಈಗ ತಾನೇ ಗ್ಲಾಸು ತುಂಬಿಸ್ಕೊಂಡಿದ್ದೀನಿ."

"ಇವತ್ತೊಂದಿನ ಅಜ್ಜಿ. ಒಬ್ಬರನ್ನೂ ಕೂರೋಕೆ ಬಿಡಬೇಡ."

ಅಜ್ಜಿ ನನ್ನ ಮುಖ ನೋಡಿದಳು. ಗ್ಲಾಸು ಕೆಳಗಿಟ್ಟಳು. ಅತ್ತ ಮಿಸುಜುಗೂ ಏನೋ ಅರ್ಥವಾಯಿತು. ಮುಖ ಬಿಳಿಚಿಕೊಂಡಿತು, ಬೆರಳು ಮಾತ್ರ ನಿಲ್ಲಲಿಲ್ಲ. ತಾಳ ಬದಲಿಸಿ ಜೋರಾಗಿ ಎತ್ತಿಕೊಂಡಳು.

ನನ್ನ ಲೆಕ್ಕ ಸರಳ. ಕಾಚಾಶಿಯಲ್ಲಿ ಎರಡೂ ಕೈ ತಲೆಯ ಮೇಲೆ ಹೋಗಬೇಕು. ಹಾಡು ಮುಗಿಯುತ್ತಾ ಬಂದಿತ್ತು, ಚಾಕು ಆಗಲೇ ಅವನ ಕೈಗೆ ಬಂದಿರುತ್ತೆ. ಕೈಯಲ್ಲಿ ಚಾಕು ಇರುವವನು ಏಳಲ್ಲ. ಯಾವನು ಕೂತೇ ಇರುತ್ತಾನೋ ಅವನೇ ಇವನು.

ಕುರ್ಚಿಗಳು ಸರಿದವು. ಅಜ್ಜಿ ಮೇಜು ಮೇಜಿಗೂ ನುಗ್ಗಿ ರಟ್ಟೆ ಹಿಡಿದು ಎಬ್ಬಿಸತೊಡಗಿದಳು. "ಏಳಪ್ಪಾ, ಏಳು... ಸೊಂಟ ಬಿದ್ದೋಗಿದೆಯಾ?" ನಾನು ಅವರ ನಡುವೆ ತೂರಿಕೊಂಡು ಸ್ಟೇಜಿನತ್ತ ನಡೆದೆ. ಒಂದೊಂದೇ ಕುರ್ಚಿ ನೋಡಿದೆ.

ಒಬ್ಬನೂ ಕೂತಿಲ್ಲ.

ನನ್ನ ಲೆಕ್ಕ ನೀರುಪಾಲಾಯಿತು. ಎಲ್ಲರೂ ಕುಣಿಯುತ್ತಿದ್ದರು. ಹೆಂಗಸರ ಅಂಗೈಗಳು ಬಿಚ್ಚಿದ್ದವು, ಗಂಡಸರ ಮುಷ್ಟಿಗಳು ಬಿಗಿದಿದ್ದವು, ಎಲ್ಲವೂ ತಲೆಯ ಮೇಲೆ.

ಒಂದು ಮುಷ್ಟಿ ಮಿಂಚಿತು.

ಸ್ಟೇಜಿನ ಎದುರಿನ ಮೇಜು. ಅಜ್ಜಿ ಆಗಷ್ಟೇ ಎಳೆದು ಎಬ್ಬಿಸಿದ್ದ ನಡುವಯಸ್ಸಿನವನು. ಚಾಕು ಹಿಡಿದ ಕೈಯನ್ನೇ ಎತ್ತಿ ತಿರುಗಿಸುತ್ತಿದ್ದಾನೆ. ಅವನಿಗೇ ಖಬರಿಲ್ಲ! ಒಂದು ಸುತ್ತು... ಎರಡು ಸುತ್ತು... ಆಮೇಲೆ ತನ್ನ ಕೈ ತಾನೇ ನೋಡಿಕೊಂಡ. ನನ್ನನ್ನೂ ನೋಡಿದ.

ಮಿಸುಜು ಮೇಲೆ ಹಾರಿದ.

ನಾನು ಅವನ ಮೇಲೆ ಹಾರಿದೆ. ಚಾಕು ನನ್ನ ಅಂಗೈ ಸೀಳಿತು. ಹಿಡಿತ ಬಿಡಲಿಲ್ಲ. ಮೇಜಿನ ಸಮೇತ ಉರುಳಿದೆವು. ಅವನ ಮೊಣಕೈ ನನ್ನ ಹಲ್ಲಿಗೆ ಬಿತ್ತು, ನನ್ನ ಹಣೆ ಅವನ ಮೂಗಿಗೆ. ಉಶಿ ಅಜ್ಜಿ ಬಂದು ಅವನ ಮಣಿಕಟ್ಟಿನ ಮೇಲೆ ಕೂತೇಬಿಟ್ಟಳು.

"ಹಾಡು ನಿಲ್ಲಿಸಬೇಡ ಕಣೇ," ಅಂದಳು.

ಮಿಸುಜು ನಿಲ್ಲಿಸಲಿಲ್ಲ. ಅಳುತ್ತಲೇ ಹಾಡಿದಳು.

ಅವನನ್ನು ಕಂಬಕ್ಕೆ ಕಟ್ಟಿ ಎದುರಿಗೆ ಕೂತೆ.

"ಯಾವೂರು?"

"ಈ ದ್ವೀಪವೇ. ಉತ್ತರದ ಹಳ್ಳಿ. ಸಣ್ಣವನಿದ್ದಾಗ್ಲೇ ಒಸಾಕಾ ಸೇರಿದೆ."

"ಚಾಕು ಕೆಳಗಿಟ್ಟು ಏಳಬಹುದಿತ್ತಲ್ಲೋ, ಮಂಕೆ."

"ಇಡೋಣ ಅಂತಲೇ ಇದ್ದೆ." ಮೂಗಿನ ರಕ್ತವನ್ನು ಭುಜಕ್ಕೆ ಒರೆಸಿಕೊಂಡ. "ಆ ಹಾಡು ಶುರುವಾದ್ರೆ ಕೈ ನಮ್ಮ ಮಾತು ಕೇಳುತ್ತಾ ಅಣ್ಣ?"

ಅಷ್ಟರಲ್ಲಿ ಪೊಲೀಸರು ಬಂದರು.

ಮಿಸುಜು ಮರುದಿನ ಸಾಕ್ಷಿ ಹೇಳಿದಳು. ಒಂದಕ್ಷರ ಬಿಡಲಿಲ್ಲ, ಧ್ವನಿ ನಡುಗಲಿಲ್ಲ. ಮಾವ ಕೇಳಿಸಿಕೊಂಡಿದ್ದರೆ ಹಿಗ್ಗುತ್ತಿದ್ದ. ನನ್ನ ಹೇಳಿಕೆಯನ್ನೂ ಪೊಲೀಸರು ಬರೆದುಕೊಂಡರು. ಬಾಡಿಗೆ ಕೊಲೆಗಾರ, ಹುಟ್ಟಿದೂರಿಗೆ ಎರಡು ಬಗೆದವನು ಅಂತ ಎಲ್ಲ ಬರೆಸಿದೆ. ಒಂದು ಮಾತು ಮಾತ್ರ ಬರೆಸಲಿಲ್ಲ.

ನನ್ಮಗಂದು ತಾಳ ತಪ್ಪಿರಲಿಲ್ಲ.