ಒಬ್ಬನೇ ನಿಂತ ಸಾಲು

ಭೀಮೆಗೂ ಕೃಷ್ಣೆಗೂ ನಡುವೆ ಹಬ್ಬಿದ ಕಪ್ಪು ನೆಲದಲ್ಲಿ, ಏಳು ಬಾಗಿಲುಗಳ ಕೋಟೆಯಿಂದ ಮೆರೆಯುತ್ತಿದ್ದ ನೂರಾಬಾದು ನಗರವು ಬೆಳಗಿನ ಹೊತ್ತಿಗೆ ಕಣ್ಣಿಗೆ ಹಬ್ಬವಾಗಿರುತ್ತಿತ್ತು. ನಗಾರಿಖಾನೆಯಲ್ಲಿ ನೌಬತ್ತು ಮೊಳಗುತ್ತಿದ್ದಂತೆ ಅರಮನೆಯ ಆನೆಗಳು ಕೆರೆಯಲ್ಲಿ ಮಿಂದು ಹಿಂದಿರುಗುತ್ತಿದ್ದವು. ಚೌಕದಲ್ಲಿ ಅತ್ತರಿನವರೂ ಬಳೆಗಾರರೂ ಅಂಗಡಿ ತೆರೆಯುತ್ತಿದ್ದರು. ಜೋಳದ ಬಂಡಿಗಳು ಉತ್ತರದ ಬಾಗಿಲಲ್ಲಿ ಸಾಲುಗಟ್ಟಿದರೆ, ಅಮೀರರ ಪಲ್ಲಕ್ಕಿಯವರು ಅವುಗಳಿಗೆ ದಾರಿ ಬಿಡದೆ ಕೂಗಾಡುತ್ತಿದ್ದರು. ಇಷ್ಟೆಲ್ಲ ಸದ್ದು ದಕ್ಷಿಣದ ಬಾಗಿಲಿನ ಹೊರಗೆ, ಹುಣಸೆಮರದ ಕೆಳಗಿನ ಒಂದು ಕಲ್ಲುಮನೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಗಸ್ಸಾಲ ಮದಾರಸಾಬನ ಮನೆ.

ಸತ್ತವರ ದೇಹಕ್ಕೆ ಕಡೆಯ ಸ್ನಾನ ಮಾಡಿಸಿ ಕಫನ್ ಬಟ್ಟೆ ತೊಡಿಸುವವನೇ ಗಸ್ಸಾಲ. ಮೂವತ್ತು ವರ್ಷಗಳಿಂದ ನಗರದ ಗಂಡಸರೆಲ್ಲ, ಅಮೀರನಿರಲಿ ಹಮಾಲನಿರಲಿ, ಇವನ ಕೈಯಿಂದಲೇ ಮಣ್ಣಿಗೆ ಹೋಗಿದ್ದರು. ಹೋಗುವವರೆಗೆ ಮಾತ್ರ ಅವರಾರೂ ಇವನ ಕಡೆ ನೋಡುತ್ತಿರಲಿಲ್ಲ. ಮದುವೆಯ ಮನೆಯವರು ಇವನನ್ನು ಕಂಡರೆ ಓಣಿ ಬದಲಿಸುತ್ತಿದ್ದರು. ಮಸೀದಿಯಲ್ಲಿ ಇವನ ಪಕ್ಕದ ಜಾಗ ಕಡೆಯಲ್ಲಿ ತುಂಬುತ್ತಿತ್ತು. ದೇವರ ಮುಂದೆ ಹೆಗಲಿಗೆ ಹೆಗಲು ತಾಗಿಸಿ ನಿಲ್ಲಬೇಕೆಂದು ಮೌಲ್ವಿಗಳು ಸಾರಿದ್ದೇ ಬಂತು, ಇವನ ಹೆಗಲಿನ ವಿಷಯಕ್ಕೆ ಬಂದಾಗ ಎಲ್ಲರಿಗೂ ಮರೆವು. ಹೆಂಡತಿ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ಓದು ಬರಹವಿಲ್ಲದ ಮದಾರಸಾಬನು ಹುಣಸೆಯ ನೆರಳಿನಲ್ಲಿ ಕುಳಿತು ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಿದ್ದ: ಆದಮನ ಮಕ್ಕಳಿಗೆಲ್ಲ ದೇವರು ಮಾನ ಕೊಟ್ಟೇ ಕಳಿಸಿದ್ದಾನೆ ಎನ್ನುತ್ತಾರೆ, ಆ ಮಾನ ನನ್ನ ಪಾಲಿಗೆ ಎಲ್ಲಿದೆ?

ಅವನ ಕಾಯಕಕ್ಕೊಂದು ಕಟ್ಟಳೆಯಿತ್ತು. ಸ್ನಾನ ಮಾಡಿಸುವಾಗ ದೇಹದ ಮೇಲೆ ಒಳ್ಳೆಯದೇನಾದರೂ ಕಂಡರೆ ನಾಲ್ವರಿಗೆ ಹೇಳಬಹುದು. ಕೆಟ್ಟದ್ದು ಕಂಡರೆ ಅದು ಗಸ್ಸಾಲನ ಎದೆಯಲ್ಲೇ ಹೂತುಹೋಗಬೇಕು. ಎಷ್ಟು ದೊಡ್ಡ ಮನೆತನಗಳ ಗುಟ್ಟು ಆ ಎದೆಯಲ್ಲಿತ್ತೋ ದೇವರಿಗೇ ಗೊತ್ತು. ಒಂದು ಮಾತೂ ಹೊರಗೆ ಬಿದ್ದದ್ದಿಲ್ಲ.

ಆ ವರ್ಷದ ಮಾಗಿಯಲ್ಲಿ, ಒಂದು ಭಾನುವಾರದ ಬೆಳಿಗ್ಗೆ, ಅರಮನೆಯಿಂದ ಹೊರಟ ಡಂಗುರ ನಗರವನ್ನೆಲ್ಲ ತಲ್ಲಣಗೊಳಿಸಿತು. ಸುಲ್ತಾನ ರುಕ್ನುದ್ದೀನ ಶಾಹರ ಮೊಹರನ್ನು ಕಾಯುತ್ತಿದ್ದ ಹಬಶಿ ಗುಲಾಮ ರೈಹಾನನು ಆ ಮೊಹರನ್ನು ಶತ್ರುಗಳಿಗೆ ಮಾರಲು ಹೊರಟು, ಗುಟ್ಟು ಬಯಲಾಗುತ್ತಲೇ ಮೊಹರಿನ ಕೋಣೆಯಲ್ಲಿ ತನ್ನ ಮುಂಡಾಸಿನಿಂದಲೇ ನೇಣು ಹಾಕಿಕೊಂಡನೆಂದು ಡಂಗುರದವನು ಸಾರಿದನು. ದ್ರೋಹಿಯೂ ಆತ್ಮಘಾತಿಯೂ ಆದ ಅವನ ಹೆಣವನ್ನು ಪೂರ್ವದ ಕಂದಕಕ್ಕೆ ಎಸೆಯತಕ್ಕದ್ದೆಂದು ವಜೀರ ಮುತಬರ ಖಾನರ ಅಪ್ಪಣೆಯಾಗಿತ್ತು. ಅಂಥವನ ಜನಾಜೆಯ ನಮಾಜಿಗೆ, ಶವದ ಮುಂದಿನ ಕಡೆಯ ಪ್ರಾರ್ಥನೆಗೆ, ತಾವು ನಿಲ್ಲುವುದಿಲ್ಲವೆಂದು ಕಾಜಿ ಶಮ್ಸುದ್ದೀನರೂ ಹೇಳಿಬಿಟ್ಟರು. ಅವರು ಹೇಳಿದ್ದು ತಮ್ಮೊಬ್ಬರ ವಿಷಯ. ಊರಿನವರು ಅದನ್ನು ಎಲ್ಲರಿಗೂ ಅನ್ವಯಿಸಿಕೊಂಡು, ಬಾಗಿಲು ಹಾಕಿಕೊಂಡು ಒಳಗುಳಿದರು.

ಕಾಜಿಯ ಬಾಯಿಯೊಂದು ಮುಚ್ಚಿದರೆ ಕೆಲಸ ಮುಗಿಯಿತೆಂದು ವಜೀರನು ನೆಮ್ಮದಿಯಿಂದ ಊಟಕ್ಕೆ ಕುಳಿತನು. ಇಪ್ಪತ್ತು ವರ್ಷ ರಾಜ್ಯದ ಸೂತ್ರಗಳನ್ನೆಲ್ಲ ಆಡಿಸಿದ ಆ ಚತುರಮತಿಗೆ ದಕ್ಷಿಣದ ಬಾಗಿಲಿನ ಗಸ್ಸಾಲನ ನೆನಪೇ ಬರಲಿಲ್ಲ.

ಮದಾರಸಾಬನು ಕೈಬಂಡಿ ತಳ್ಳಿಕೊಂಡು ಕಂದಕದ ಬಳಿಗೆ ಬಂದಾಗ ಕಾವಲಿನವರು ನಕ್ಕರು.

“ಏನು ಮುದುಕಪ್ಪಾ, ಡಂಗುರ ಕೇಳಿಸಲಿಲ್ಲವೆ? ಇವನಿಗೆ ನಮಾಜಿಲ್ಲ.”

“ಕೇಳಿಸಿತು, ಜಮಾದಾರರೇ. ಕಾಜಿಸಾಹೇಬರು ತಾವು ನಿಲ್ಲುವುದಿಲ್ಲ ಎಂದರು. ತೊಳೆಯಬೇಡಿ ಎನ್ನಲಿಲ್ಲ, ಹೂಳಬೇಡಿ ಎನ್ನಲಿಲ್ಲ. ದೇವರೊಬ್ಬನೇ ಎಂದು ಕಲಿಮಾ ಹೇಳಿದವನ ದೇಹ ನಾಯಿಗೆ ಬಿದ್ದರೆ ಆ ಪಾಪ ನಿಮಗೂ ಬರುತ್ತದೆ, ನನಗೂ ಬರುತ್ತದೆ.”

ನಾಯಿಗಳನ್ನು ಅಟ್ಟಿ ಬೇಸತ್ತಿದ್ದ ಜಮಾದಾರನು ಅತ್ತಿತ್ತ ನೋಡಿ, “ತೆಗೆದುಕೊಂಡು ಹೋಗು, ನಾವು ಕಂಡಿಲ್ಲ” ಎಂದು ಮುಖ ತಿರುಗಿಸಿದನು.

ಸ್ನಾನದ ಮನೆಗೆ ನೀರು ಹೊರುವ ಭಿಸ್ತಿ ನನ್ನೇಮಿಯಾ ತೊಗಲಿನ ಚೀಲ ಹೊತ್ತು ಬಂದವನು ಹೆಣ ಯಾರದೆಂದು ತಿಳಿದು ಬಾಗಿಲಲ್ಲೇ ನಿಂತನು. “ಚಾಚಾ, ಇದು ನಮಗೆ ಬೇಡ. ವಜೀರರಿಗೆ ತಿಳಿದರೆ ನಮ್ಮ ಚರ್ಮ ಸುಲಿಸುತ್ತಾರೆ.”

“ನೀರು ಹಾಕು, ನನ್ನೇಮಿಯಾ. ಮುಖ ಆ ಕಡೆ ಮಾಡಿಕೊಂಡು ಹಾಕು. ನಿನಗೆ ಏನೂ ಕಾಣುವುದು ಬೇಡ.”

ಬೋರೆ ಎಲೆ ಹಾಕಿ ಕಾಯಿಸಿದ ನೀರು. ನಾಭಿಯಿಂದ ಮಂಡಿಯವರೆಗೆ ಮರೆಯ ಬಟ್ಟೆ. ಮದಾರಸಾಬನು ಬಲಗಡೆಯಿಂದ ಆರಂಭಿಸಿ, ನೋವಾದೀತೇನೋ ಎಂಬಂತೆ ಮೆಲ್ಲಗೆ ಕೈಯಾಡಿಸುತ್ತ ಕುತ್ತಿಗೆಗೆ ಬಂದವನು ಅಲ್ಲೇ ನಿಂತನು. ನೇಣು ಹಾಕಿಕೊಂಡವರನ್ನು ಅವನು ಬೇಕಾದಷ್ಟು ಕಂಡಿದ್ದ. ಅವರ ಕುತ್ತಿಗೆಯ ಗುರುತು ಗದ್ದದ ಕೆಳಗಿನಿಂದ ಓರೆಯಾಗಿ ಕಿವಿಯ ಹಿಂದಕ್ಕೆ ಏರುತ್ತದೆ. ರೈಹಾನನ ಗುರುತು ಎಲ್ಲಿಯೂ ಏರಿರಲಿಲ್ಲ. ಸುತ್ತಲೂ ಸಮನಾಗಿ ಕುತ್ತಿಗೆಯನ್ನು ಬಳಸಿ, ಹಿಂದೆ ಗಂಟು ಬಿಗಿದಲ್ಲಿ ಕಪ್ಪಾಗಿತ್ತು. ದೇಹವನ್ನು ಹೊರಳಿಸಿದರೆ ಬೆನ್ನಿನ ನಡುವೆ ಯಾರೋ ಮಂಡಿಯೂರಿದ ನೀಲಿ ಗುರುತು. ಹಿಂದಿನಿಂದ ಬಂದು, ಕೆಡವಿ, ಬಿಗಿದಿದ್ದರು. ನೀರಿನ ಧಾರೆ ಹಠಾತ್ತನೆ ನಿಂತದ್ದರಿಂದ ಮದಾರಸಾಬನು ತಲೆಯೆತ್ತಿದನು. ನನ್ನೇಮಿಯಾ ತಿರುಗಿ ನೋಡಿಬಿಟ್ಟಿದ್ದನು. ಮೂರನೆಯ ಸ್ನಾನದ ಕರ್ಪೂರದ ನೀರು ಹಾಕಿದ ಕೂಡಲೇ ಭಿಸ್ತಿಯು ಚೀಲವನ್ನೂ ಅಲ್ಲೇ ಬಿಟ್ಟು ಓಡಿಹೋದನು.

ಮೂರು ಬಟ್ಟೆಯ ಕಫನ್ ತೊಡಿಸಿ, ತಾನೇ ಅಗೆದ ಗೋರಿಯ ಬಳಿ ದೇಹವನ್ನಿಟ್ಟು, ಮದಾರಸಾಬನು ಯಾರಾದರೂ ಬಂದಾರೆಂದು ಕಾದನು. ದಾರಿಯಲ್ಲಿ ಕುರಿ ಮಂದೆಯೊಂದು ಹೋಯಿತು. ಮತ್ತಾರೂ ಬರಲಿಲ್ಲ. ಜನಾಜೆಯ ನಮಾಜು ಇಡೀ ಊರಿನ ಹೊಣೆ. ಒಬ್ಬನಾದರೂ ಮಾಡಿದರೆ ಎಲ್ಲರ ಹೊಣೆ ಇಳಿಯಿತು, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಇದನ್ನು ಅವನು ನೂರು ಸಲ ಕೇಳಿದ್ದ. ಆ ಒಬ್ಬನು ತಾನಾಗುವ ದಿನ ಬಂದೀತೆಂದು ಮಾತ್ರ ಎಣಿಸಿರಲಿಲ್ಲ. ಮದಾರಸಾಬನು ದೇಹದ ಮುಂದೆ ನಿಂತು ಕೈಯೆತ್ತಿದನು. ಅವನೇ ಇಮಾಮ, ಅವನೇ ಸಾಲು. ದೇವರು ದೊಡ್ಡವನೆಂಬ ನಾಲ್ಕು ತಕ್‌ಬೀರ್ ಹೇಳಿ ಮುಗಿಸಿ ಸಲಾಂ ಹೇಳಲು ಬಲಕ್ಕೆ ತಿರುಗಿದರೆ ಬರಿಯ ಬಯಲು, ಎಡಕ್ಕೆ ತಿರುಗಿದರೆ ಬರಿಯ ಬಯಲು. ಮುದುಕನಿಗೆ ಅಳು ಬಂತು. ಆದರೂ ತನ್ನ ಹಳೆಯ ಪ್ರಶ್ನೆಗೆ ಉತ್ತರದ ಸುಳಿವು ಅವನಿಗೆ ಅಲ್ಲಿಯೇ ಸಿಕ್ಕಿತು: ಎಲ್ಲರೂ ಕೈಬಿಟ್ಟವನ ಮಾನವನ್ನು ಹಿಡಿದುಕೊಳ್ಳಲು ಒಬ್ಬನಾದರೂ ಬೇಕು, ಇಂದಿಗೆ ಆ ಒಬ್ಬನು ನಾನು.

ಸಂಗತಿ ಬುಧವಾರ ವಜೀರನ ಕಿವಿಗೆ ಬಿತ್ತು. ಅಂದು ಮಧ್ಯಾಹ್ನವೇ ಅವನ ಪಲ್ಲಕ್ಕಿ, ಹುಟ್ಟಿದಾಗಿನಿಂದ ಬಾರದ ಹಾದಿಯನ್ನು ಹಿಡಿದು, ಹುಣಸೆಮರದ ಕೆಳಗೆ ಇಳಿಯಿತು.

“ಮದಾರಸಾಬ,” ಎಂದನು ಮುತಬರ ಖಾನನು, ಬೆಣ್ಣೆಯಂಥ ದನಿಯಲ್ಲಿ. “ಅಪ್ಪಣೆ ಮೀರಿದೆಯೆಂದು ದಂಡಿಸಲು ಬಂದಿಲ್ಲ. ನಿನ್ನ ಧರ್ಮನಿಷ್ಠೆಗೆ ಮೆಚ್ಚಿದ್ದೇನೆ. ಗಸ್ಸಾಲನ ಕಟ್ಟಳೆ ನಿನಗೆ ನೆನಪಿದೆಯಷ್ಟೆ?”

“ನೆನಪಿದೆ, ಹುಜೂರ್.”

“ಕಂಡದ್ದನ್ನು ಆಡುವ ಹಾಗಿಲ್ಲ.”

“ಕೆಟ್ಟದ್ದನ್ನು ಆಡುವ ಹಾಗಿಲ್ಲ, ಹುಜೂರ್.”

ವಜೀರನು ಪಲ್ಲಕ್ಕಿಯ ಪರದೆಯನ್ನು ಇನ್ನಷ್ಟು ಸರಿಸಿ ಮುಗುಳ್ನಕ್ಕನು. “ಒಳಕೋಟೆಯಲ್ಲಿ ಒಂದು ಮನೆ ತೆರವಾಗಿದೆ. ಎರಡೂ ಮಗ್ಗುಲಿಗೆ ಒಳ್ಳೆಯ ನೆರೆಹೊರೆ. ನಗರದ ಖಬರಸ್ತಾನಗಳಿಗೆಲ್ಲ ನಿನ್ನನ್ನು ದರೋಗನನ್ನಾಗಿ ಮಾಡಿಸುತ್ತೇನೆ. ಹಬ್ಬದ ದಿನ ಜನ ನಿನ್ನ ಮನೆಗೆ ಬರುತ್ತಾರೆ. ಈ ಕೆಲಸವನ್ನು ಬೇರೆಯವರು ನೋಡಿಕೊಳ್ಳಲಿ.”

ಹಬ್ಬದ ದಿನ ಜನ ಮನೆಗೆ ಬರುವುದು! ಹನ್ನೊಂದು ವರ್ಷಗಳಿಂದ ಹಬ್ಬದ ಪಾಯಸವಾದ ಶೀರಖುರ್ಮಾವನ್ನು ಒಂದೇ ಬಟ್ಟಲಿಗೆ ಬಡಿಸಿಕೊಂಡವನಿಗೆ ಈ ಮಾತು ಎಲ್ಲಿ ನಾಟಿತೆಂದು ನಾನು ಹೇಳಬೇಕಾಗಿಲ್ಲ. ಪಲ್ಲಕ್ಕಿ ಹೋದ ಮೇಲೂ ಅವನು ಬಹಳ ಹೊತ್ತು ಕುಳಿತೇ ಇದ್ದನು. ಬೇಡವೆನ್ನಲು ಮನಸ್ಸು ಬರಲಿಲ್ಲವೆಂಬುದನ್ನು ಮುಚ್ಚಿಟ್ಟು ಅವನನ್ನು ದೊಡ್ಡವನನ್ನಾಗಿ ಮಾಡಲಾರೆ. ಗುರುವಾರವೆಲ್ಲ ಒಳಕೋಟೆಯ ಆ ಮನೆಯಲ್ಲೇ ಮನಸ್ಸಿನೊಳಗೆ ವಾಸಮಾಡಿದನು. ಆದರೆ ಅಲ್ಲಿಗೆ ಯಾರು ಬಂದು ಕುಳಿತರೂ ಮಾತು ರೈಹಾನನ ಕಡೆಗೇ ತಿರುಗುತ್ತಿತ್ತು, ದ್ರೋಹಿ ಸತ್ತನೆಂದು ಅವರು ನಗುತ್ತಿದ್ದರು, ಬಟ್ಟಲು ಹಿಡಿದುಕೊಂಡು ತಾನೂ ನಗಬೇಕಾಗುತ್ತಿತ್ತು.

ಶುಕ್ರವಾರ ಜುಮ್ಮಾ ನಮಾಜಿನ ನಂತರ ಸುಲ್ತಾನರ ಬಹಿರಂಗ ದರ್ಬಾರು. ಫಿರ್ಯಾದಿಗಳ ಸಾಲಿನಲ್ಲಿ ಗಸ್ಸಾಲನನ್ನು ಕಂಡು ಅಕ್ಕಪಕ್ಕದವರು ಸರಿದು ನಿಂತರು. ಅವನ ಸರದಿ ಬೇಗನೆ ಬಂತು.

“ಖಾವಂದರೇ, ನಾನು ತೊಳೆದ ದೇಹದ ಮೇಲೆ ಒಂದು ಒಳ್ಳೆಯ ಗುರುತು ಕಂಡಿದ್ದೇನೆ. ಅದನ್ನು ಹೇಳಲು ನನ್ನ ಕಟ್ಟಳೆ ಅಪ್ಪಣೆ ಕೊಡುತ್ತದೆ. ರೈಹಾನನು ತನ್ನ ಪ್ರಾಣವನ್ನು ತಾನು ತೆಗೆದುಕೊಳ್ಳಲಿಲ್ಲ. ಅವನನ್ನು ಹಿಂದಿನಿಂದ ಕುತ್ತಿಗೆ ಬಿಗಿದು ಕೊಂದಿದ್ದಾರೆ.”

ಕಂಡದ್ದನ್ನೆಲ್ಲ ಅವನು ವಿವರಿಸಿದ ಮೇಲೆ ವಜೀರನು ಎದ್ದು ಬಾಗಿದನು. “ಜಹಾಂಪನಾ, ಒಬ್ಬನ ಸಾಕ್ಷ್ಯ, ಅದೂ ಗುಟ್ಟು ಕಾಯುವ ಕಟ್ಟಳೆಯನ್ನು ಮುರಿದವನದು. ಮೊಹರಿನ ಕೋಣೆಗೆ ನನ್ನ ಕಾವಲಿತ್ತು. ಇವನು ನನ್ನನ್ನೇ ಕೊಲೆಗಡುಕನೆನ್ನುತ್ತಿದ್ದಾನೆ.”

ಸುಲ್ತಾನರು ಗಡ್ಡ ನೀವಿಕೊಂಡರು. ರೈಹಾನನು ಅವರ ಕೈಯಲ್ಲಿ ಬೆಳೆದವನು. “ವಾದವೇಕೆ? ಗೋರಿಯನ್ನು ತೆರೆಸಿ ನೋಡೋಣ.”

“ಹೂತ ದೇಹವನ್ನು ಕೆದಕುವುದು ಶರೀಯತ್ತಿಗೆ ಸಮ್ಮತವಲ್ಲ, ಜಹಾಂಪನಾ!” ಎಂದನು ವಜೀರನು, ಬೇಕಾದದ್ದಕ್ಕಿಂತ ತುಸು ಬೇಗನೆ.

“ವಜೀರರು ಹೇಳಿದ್ದು ಸರಿ, ಖಾವಂದರೇ. ತೆರೆಸಬೇಡಿ,” ಎಂದನು ಮದಾರಸಾಬನು.

ಗೆಲ್ಲುವ ದಾಳವನ್ನು ಕೈಯಾರೆ ಬಿಸಾಡಿದ ಹುಚ್ಚನನ್ನು ಜನ ಬೆರಗಾಗಿ ನೋಡಿದರು.

“ಏಕೆ?” ಎಂದು ಸುಲ್ತಾನರು ಕೇಳಿದರು. “ನಿನ್ನ ಮಾತು ಸುಳ್ಳೆಂದು ಹೆದರಿಕೆಯೆ?”

“ಐದು ದಿನ ಮಣ್ಣಿನಲ್ಲಿದ್ದ ದೇಹ ಹೇಗಿರುತ್ತದೆಂದು ಈ ಸಭೆಯಲ್ಲಿ ನನಗೊಬ್ಬನಿಗೇ ಗೊತ್ತು. ಅವನ ಮುಖವನ್ನು ನಾನೇ ಮುಚ್ಚಿ ಬಂದಿದ್ದೇನೆ. ಅವನ ಮಾನ ಉಳಿಸಲೆಂದು ಅವನನ್ನು ಸಂತೆಯಲ್ಲಿ ಬಿಚ್ಚಿಟ್ಟರೆ, ಉಳಿಸಿದ್ದೇನು ಬಂತು?”

“ಮುದುಕ, ವಿಚಾರಮಾಡಿ ಹೇಳು. ವಜೀರನ ಮೇಲೆ ಕೊಲೆಯ ಆರೋಪ ಹೊರಿಸಿ ರುಜುವಾತು ಕೊಡದವನಿಗೆ ಶಿರಚ್ಛೇದ. ಗೋರಿಯನ್ನು ತೆರೆಯಬೇಕು, ಇಲ್ಲವೆ ನಿನ್ನ ತಲೆ ಹೋಗಬೇಕು.”

ಮದಾರಸಾಬನೇನು ವೀರನಲ್ಲ. “ತಲೆ ತೆಗೆದುಕೊಳ್ಳಿ, ಖಾವಂದರೇ. ಒಂದೇ ಕೋರಿಕೆ. ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಬೇರೆ ಗಸ್ಸಾಲನಿಲ್ಲ. ಯಾರಾದರೂ ನನ್ನ ಮೈಮೇಲೆ ಇಷ್ಟು ನೀರು ಹಾಕುವಂತೆ ಅಪ್ಪಣೆಯಾಗಲಿ.”

ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದ ಭಿಸ್ತಿಗಳ ನಡುವಿನಿಂದ ಒಬ್ಬನು ಚೀಲವನ್ನು ಕೆಳಗೆ ಹಾಕಿ, ಕಾವಲಿನವರ ಭರ್ಜಿಗಳನ್ನು ತಳ್ಳಿಕೊಂಡು ಮುಂದೆ ಬಂದು, ಬೋರಲಾಗಿ ಬಿದ್ದನು.

“ನೀರು ಹಾಕುವವನು ಇಲ್ಲಿದ್ದೇನೆ, ಖಾವಂದರೇ! ಭಿಸ್ತಿ ನನ್ನೇಮಿಯಾ. ಅಂದು ರೈಹಾನರಿಗೆ ನೀರು ಹಾಕಿದವನೂ ನಾನೇ. ಕುತ್ತಿಗೆಯ ಗುರುತು ಏರಿರಲಿಲ್ಲ, ಬೆನ್ನಿನ ಮೇಲೆ ಮಂಡಿಯ ಗುರುತಿತ್ತು. ನೋಡಬೇಡವೆಂದು ಚಾಚಾ ಹೇಳಿದ್ದರು, ನಾನು ನೋಡಿದೆ. ನೋಡಿಯೂ ಹೇಡಿಯಾಗಿ ಓಡಿಹೋದೆ.”

ಕಾಜಿ ಶಮ್ಸುದ್ದೀನರು ಮೆಲ್ಲನೆ ಎದ್ದು ನಿಂತರು. “ಜಹಾಂಪನಾ, ಈಗ ಸಾಕ್ಷಿಗಳು ಇಬ್ಬರು. ಗೋರಿ ತೆರೆಯುವ ಅಗತ್ಯವಿಲ್ಲ. ಮೊಹರಿನ ಕೋಣೆಯ ಕಾವಲಿನವರನ್ನು ಬೇರೆ ಬೇರೆಯಾಗಿ ವಿಚಾರಿಸುವುದು ನ್ಯಾಯ.”

ವಿಚಾರಣೆ ಬಹಳ ಹೊತ್ತು ಹಿಡಿಯಲಿಲ್ಲ. ತನ್ನ ಅಳಿಯನಿಗೆ ಗಡಿಯ ದುರ್ಗವನ್ನು ಕೊಡಿಸುವ ಫರ್ಮಾನಿಗೆ ಮೊಹರು ಒತ್ತೆಂದು ವಜೀರನು ಕೇಳಿದ್ದನು; ಸುಲ್ತಾನರ ಬಾಯಿಂದ ಕೇಳದೆ ಒತ್ತಲಾರೆನೆಂದು ರೈಹಾನನು ಅಂದಿದ್ದನು; ವಜೀರನ ಕಣ್ಸನ್ನೆಯಂತೆ ಕಾವಲಿನವರು ಅವನನ್ನು ಮುಗಿಸಿ, ನೇಣೆಂದು ಸುದ್ದಿ ಹಬ್ಬಿಸಿದ್ದರು. ಇಷ್ಟನ್ನೂ ಎರಡನೆಯ ಕಾವಲಿನವನೇ ಅಳುತ್ತ ಒಪ್ಪಿಕೊಂಡನು. ಮುತಬರ ಖಾನನನ್ನು ಬೇಡಿ ತೊಡಿಸಿ ಕರೆದೊಯ್ದರು.

ಮರುದಿನ ಬೆಳಿಗ್ಗೆ ನೂರಾಬಾದಿನ ಏಳು ಬಾಗಿಲುಗಳಿಂದಲೂ ಜನ ಖಬರಸ್ತಾನಕ್ಕೆ ಹರಿದುಬಂದರು. ಗುಲಾಮನಿಗೆ ಒಡೆಯನೇ ವಾರಸುದಾರ. ವಾರಸುದಾರನಿಲ್ಲದೆ ನಡೆದ ನಮಾಜನ್ನು ಅವನು ಬಂದು ಗೋರಿಯ ಮುಂದೆ ಮತ್ತೆ ಮಾಡಬಹುದೆಂದು ಕಾಜಿಗಳು ತಿಳಿಸಿದ್ದರಿಂದ, ಸುಲ್ತಾನರೇ ಬರಿಗಾಲಿನಲ್ಲಿ ಬಂದು ನಿಂತರು. ಅಮೀರರು ನಿಂತರು, ಬಳೆಗಾರರು ನಿಂತರು, ಅಂದು ನಕ್ಕಿದ್ದ ಜಮಾದಾರನೂ ನಿಂತನು. ನನ್ನೇಮಿಯಾ ಮೂರನೆಯ ಸಾಲಿನಲ್ಲಿ ಜಾಗ ಹಿಡಿದನು. ಹೆಗಲಿಗೆ ಹೆಗಲು ತಾಗಿ ಸಾಲುಗಳು ಬೇಲಿಯ ಆಚೆಗೂ ಬೆಳೆದವು.

ಸುಲ್ತಾನರು ಹಿಂದಿರುಗಿ ನೋಡಿದರು. ಗೋರಿಕಲ್ಲುಗಳ ಆಚೆ, ಒಂದು ಬೇವಿನ ಗಿಡದ ಕೆಳಗೆ ಮದಾರಸಾಬನು ಒಬ್ಬನೇ ನಿಂತಿದ್ದನು.

“ಬನ್ನಿ, ಮದಾರಸಾಹೇಬರೇ,” ಎಂದು ಸುಲ್ತಾನರು ಕೈಚಾಚಿದರು. “ಮೊದಲ ಸಾಲು ನಿಮ್ಮದು. ನನ್ನ ಪಕ್ಕಕ್ಕೆ ಬನ್ನಿ.”

ಇಡೀ ಊರು ತಿರುಗಿ ಅವನನ್ನು ನೋಡಿತು. ಜೀವಮಾನವೆಲ್ಲ ಅವನು ಆಸೆಪಟ್ಟದ್ದು ಹತ್ತು ಹೆಜ್ಜೆಯ ದೂರದಲ್ಲಿತ್ತು. ಆದರೆ ಒಮ್ಮೆ ಮಾಡಿದವನು ಆ ನಮಾಜನ್ನು ಮತ್ತೊಮ್ಮೆ ಮಾಡುವಂತಿಲ್ಲ.

“ಖಾವಂದರೇ, ಕ್ಷಮೆಯಿರಲಿ,” ಎಂದನು ಮುದುಕನು. ಅವನ ಕಣ್ಣುಗಳು ತುಂಬಿದ್ದವು, ದನಿ ಮಾತ್ರ ನಡುಗಲಿಲ್ಲ. “ನನ್ನದು ಆಗಿದೆ.”

ಸುಲ್ತಾನರು ತಲೆಬಾಗಿ, ಗೋರಿಯ ಕಡೆಗೆ ತಿರುಗಿ, ಕೈಯೆತ್ತಿದರು.